ಅತಿಶುದ್ಧ ನೀರಿಗೂ ತುಕ್ಕಿನ ಚಿಂತೆ ಏಕೆ? ಸಮ್ಮಿಳನ ರಿಯಾಕ್ಟರಿನ ತಂಪುನೀರಿನ ರಸಾಯನ

ಪ್ರಶ್ನೆ: ಹಗುರ ಪರಮಾಣುಗಳನ್ನು ಬೆಸೆದು ಶಕ್ತಿ ಪಡೆಯುವ ಸಮ್ಮಿಳನ (ಫ್ಯೂಷನ್) ರಿಯಾಕ್ಟರಿನಲ್ಲಿ ಯುರೇನಿಯಂ ಇಲ್ಲ, ಬಳಸಿದ ಇಂಧನವನ್ನು ಕಾಪಾಡುವ ರಗಳೆ ಇಲ್ಲ. ಅದನ್ನು ತಂಪು ಮಾಡಲು ಹರಿಸುವ ನೀರು ಲವಣದ ಸುಳಿವೇ ಇಲ್ಲದಷ್ಟು ಶುದ್ಧ ಎಂದು ಓದಿದ್ದೇನೆ. ಹಾಗಿದ್ದ ಮೇಲೆ ತುಕ್ಕಿನ ಬಗ್ಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳುವುದೇಕೆ? ತೊಂದರೆ ಇದ್ದರೂ, ದಶಕಗಳಿಂದ ನಡೆಯುತ್ತಿರುವ ಅಣುವಿದ್ಯುತ್ ಸ್ಥಾವರಗಳ ಅನುಭವವನ್ನೇ ಇಲ್ಲಿಗೂ ಅನ್ವಯಿಸಿದರೆ ಸಾಲದೇ?

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಯೇ ಹೆಚ್ಚು ತೂಕದ್ದು. ಆದರೆ ಅದಕ್ಕೆ ಉತ್ತರ ಹೇಳಬೇಕಾದರೆ ಮೊದಲನೆಯದನ್ನು ಬಿಡಿಸಿಕೊಳ್ಳಬೇಕು.

ಶುದ್ಧ ನೀರಿನಿಂದ ಲೋಹಕ್ಕೆ ಹಾನಿಯಿಲ್ಲ ಎಂಬುದು ಅರ್ಧ ನಿಜ. ತುಕ್ಕು ಹಿಡಿಯುವಾಗ ಲೋಹದ ಪರಮಾಣು ಎಲೆಕ್ಟ್ರಾನ್ ಬಿಟ್ಟುಕೊಟ್ಟು ಅಯಾನಾಗಿ ನೀರಿಗಿಳಿಯುತ್ತದೆ. ನೀರಿನಲ್ಲಿರುವ ಇನ್ನಾವುದೋ ವಸ್ತು ಆ ಎಲೆಕ್ಟ್ರಾನನ್ನು ಕಸಿದುಕೊಳ್ಳುತ್ತದೆ. ಲವಣಗಳಿಲ್ಲದ ನೀರಿನಲ್ಲಿ ವಿದ್ಯುತ್ ಸುಲಭವಾಗಿ ಹರಿಯುವುದಿಲ್ಲ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಪ್ಪಟ ನೀರಿನ ವಾಹಕತೆ ಸೆಂಟಿಮೀಟರಿಗೆ 0.055 ಮೈಕ್ರೋಸೀಮೆನ್ಸ್ ಮಾತ್ರ. ಹಾಗಾಗಿ ಒಂದೇ ಕೊಳವೆಜಾಲದಲ್ಲಿ ತಾಮ್ರವೂ ಉಕ್ಕೂ ಇದ್ದರೂ ಅವೆರಡರ ನಡುವೆ ಬ್ಯಾಟರಿಯಂತೆ ವಿದ್ಯುತ್ ಹರಿದು ಉಕ್ಕು ಕರಗುವ ಅಪಾಯ ತಗ್ಗುತ್ತದೆ. ಶುದ್ಧೀಕರಣಕ್ಕೆ ಹಣ ಸುರಿಯುವುದಕ್ಕೆ ಇದೊಂದು ಒಳ್ಳೆಯ ಕಾರಣ.

ಆದರೆ ಅದೇ ಶುದ್ಧತೆಯಿಂದ ನೀರಿಗೆ ತನ್ನನ್ನು ತಾನು ಕಾಯ್ದುಕೊಳ್ಳುವ ಶಕ್ತಿಯೂ ಇಲ್ಲವಾಗುತ್ತದೆ. ಬಾವಿಯ ನೀರಿನಲ್ಲಿರುವ ಬೈಕಾರ್ಬೊನೇಟುಗಳು ಆಮ್ಲದ ಏರಿಳಿತವನ್ನು ನುಂಗಿಕೊಳ್ಳುತ್ತವೆ. ಅತಿಶುದ್ಧ ನೀರನ್ನು ಗಾಳಿಗೆ ತೆರೆದಿಟ್ಟರೆ ಸಾಕು, ಇಂಗಾಲದ ಡೈಆಕ್ಸೈಡ್ ಕರಗಿ ಪಿಎಚ್ 7ರಿಂದ ಸುಮಾರು 5.6ಕ್ಕೆ ಇಳಿಯುತ್ತದೆ. ಏನೂ ಕರಗಿರದ ಕಾರಣ ಲೋಹವನ್ನು ಕರಗಿಸಿಕೊಳ್ಳಲು ಅದರಲ್ಲಿ ಜಾಗ ಬೇಕಾದಷ್ಟಿದೆ. ಇದೆಲ್ಲ ವಿಕಿರಣವೇ ಇಲ್ಲದ ಜಾಗದ ಮಾತು. ರಿಯಾಕ್ಟರಿನೊಳಗೆ ಹೋದ ನೀರು ಒಂದು ಕ್ಷಣವೂ ಅಪ್ಪಟವಾಗಿ ಉಳಿಯುವುದಿಲ್ಲ.

ಜಲಜನಕದ ಭಾರವಾದ ರೂಪಗಳಾದ ಡ್ಯುಟೀರಿಯಂ ಮತ್ತು ಟ್ರಿಟಿಯಂ ಬೆಸೆದಾಗ ಹೊಮ್ಮುವ 17.6 ಮೆಗಾ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯಲ್ಲಿ 14.1ರಷ್ಟನ್ನು ನ್ಯೂಟ್ರಾನ್ ಹೊತ್ತೊಯ್ಯುತ್ತದೆ. ಇಂದಿನ ಅಣುವಿದ್ಯುತ್ ಸ್ಥಾವರಗಳಲ್ಲಿ ನಡೆಯುವ ವಿದಳನದ, ಎಂದರೆ ಪರಮಾಣು ಒಡೆಯುವ ಕ್ರಿಯೆಯ, ನ್ಯೂಟ್ರಾನಿನ ಸರಾಸರಿ ಶಕ್ತಿ ಸುಮಾರು 2. ಇಷ್ಟು ವೇಗದ ನ್ಯೂಟ್ರಾನ್ ನೀರಿನ ಅಣುವಿಗೆ ಬಡಿದರೆ ಅಲ್ಲಿಂದ ಚಿಮ್ಮುವ ಪ್ರೋಟಾನ್ ಮತ್ತು ಆಮ್ಲಜನಕದ ಪರಮಾಣುಬೀಜಗಳು ತಮ್ಮ ದಾರಿಯುದ್ದಕ್ಕೂ ನೀರನ್ನು ಒಡೆಯುತ್ತ ಸಾಗುತ್ತವೆ. ಬಿಡಿ ಎಲೆಕ್ಟ್ರಾನುಗಳು, ಜಲಜನಕದ ಪರಮಾಣುಗಳು, ಹೈಡ್ರಾಕ್ಸಿಲ್ ಚೂರುಗಳು ಅಲ್ಲಿ ದಟ್ಟವಾಗಿ ಹುಟ್ಟುತ್ತವೆ. ದಟ್ಟವಾಗಿರುವುದರಿಂದಲೇ ಅವು ಚದುರುವ ಮೊದಲೇ ಒಂದಕ್ಕೊಂದು ಕೂಡಿ ಜಲಜನಕ ಅನಿಲವೂ ಹೈಡ್ರೋಜನ್ ಪೆರಾಕ್ಸೈಡೂ ಆಗುತ್ತವೆ. ಗಾಮಾ ಕಿರಣ ಬಿದ್ದ ನೀರಿನಲ್ಲಿ ಚೂರುಗಳು ದೂರ ದೂರ ಹುಟ್ಟುವುದರಿಂದ ಮತ್ತೆ ನೀರಾಗಿ ಕೂಡಿಕೊಳ್ಳುವ ಸಂಭವ ಹೆಚ್ಚು. ನ್ಯೂಟ್ರಾನ್ ಬಿದ್ದ ನೀರಿನಲ್ಲಿ ಪೆರಾಕ್ಸೈಡಿನ ಪಾಲು ಜಾಸ್ತಿ. ಪೆರಾಕ್ಸೈಡ್ ಒಡೆದರೆ ಆಮ್ಲಜನಕ. ಹೊರಗಿನಿಂದ ಒಂದು ಗುಳ್ಳೆ ಗಾಳಿ ಬರದಿದ್ದರೂ ಲೋಹದ ಎಲೆಕ್ಟ್ರಾನನ್ನು ಕಸಿಯುವ ವಸ್ತು ನೀರಿನೊಳಗೇ ತಯಾರಾಯಿತು.

ಇನ್ನು ಆ ನೀರು ಯಾವ ಲೋಹವನ್ನು ಮುಟ್ಟುತ್ತದೆ ಎಂಬುದಕ್ಕೆ ಬರುತ್ತೇನೆ. ನನ್ನ ಮಟ್ಟಿಗೆ ಇಡೀ ವಿಷಯದ ಕೀಲಿ ಇಲ್ಲಿದೆ.

ದಕ್ಷಿಣ ಫ್ರಾನ್ಸಿನ ಕಾದರಾಶ್‌ನಲ್ಲಿ ಕಟ್ಟುತ್ತಿರುವ ಇಟರ್ ಎಂಬ ಅಂತಾರಾಷ್ಟ್ರೀಯ ಪ್ರಾಯೋಗಿಕ ಸಮ್ಮಿಳನ ಯಂತ್ರವನ್ನೇ ತೆಗೆದುಕೊಳ್ಳಿ. ಅದರ ತಳದಲ್ಲಿರುವ ಡೈವರ್ಟರ್ ಎಂಬ ಭಾಗ, ಸಮ್ಮಿಳನ ನಡೆಯುವ ಅತಿಬಿಸಿ ಅನಿಲವಾದ ಪ್ಲಾಸ್ಮಾದಿಂದ ಹೊರಬೀಳುವ ಬೂದಿಯನ್ನೂ (ಎಂದರೆ ಹೀಲಿಯಂ) ಬಿಸಿಯನ್ನೂ ಹಿಡಿಯುತ್ತದೆ. ಅದರ ಗುರಿಫಲಕಗಳು ಪ್ರತಿ ಚದರ ಮೀಟರಿಗೆ 10 ಮೆಗಾವ್ಯಾಟ್ ಶಾಖವನ್ನು ಸತತವಾಗಿಯೂ 20 ಮೆಗಾವ್ಯಾಟ್ ಶಾಖವನ್ನು ಕೆಲವು ಸೆಕೆಂಡುಗಳ ಕಾಲವೂ ತಾಳಬೇಕು. ಸೂರ್ಯನ ಮೇಲ್ಮೈಯಿಂದ ಹೊರಡುವ ಶಾಖ ಚದರ ಮೀಟರಿಗೆ ಸುಮಾರು 63 ಮೆಗಾವ್ಯಾಟ್ ಎಂದರೆ ಇದರ ಪ್ರಮಾಣ ನಿಮಗೆ ಅಂದಾಜಾಗಬಹುದು. ಇಷ್ಟು ಶಾಖವನ್ನು ಸ್ಟೇನ್‌ಲೆಸ್ ಸ್ಟೀಲಿನ ಮೂಲಕ ದಾಟಿಸಲು ಸಾಧ್ಯವಿಲ್ಲ, ಅದು ಶಾಖವನ್ನು ಸಾಗಿಸುವುದರಲ್ಲಿ ತೀರಾ ನಿಧಾನ. ಆದ್ದರಿಂದ ಮೇಲೆ ಟಂಗ್‌ಸ್ಟನ್ ಕವಚ, ಅದರೊಳಗೆ ತಾಮ್ರದ ಮಿಶ್ರಲೋಹದ ಕೊಳವೆ, ಕೊಳವೆಯೊಳಗೆ ವೇಗವಾಗಿ ಸುಳಿಯುವ ನೀರು. ಆ ಮಿಶ್ರಲೋಹದಲ್ಲಿ ತಾಮ್ರದ ಜೊತೆ ಶೇ 1ಕ್ಕೂ ಕಡಿಮೆ ಕ್ರೋಮಿಯಂ, ಒಂದಿಷ್ಟು ಜಿರ್ಕೋನಿಯಂ ಇರುತ್ತದೆ. ಕೊಳವೆಯ ಒಳವ್ಯಾಸ 12 ಮಿಲಿಮೀಟರ್, ಗೋಡೆಯ ದಪ್ಪ 1.5 ಮಿಲಿಮೀಟರ್. ಒಂದು ಕಡೆ ವಾತಾವರಣದ ಒತ್ತಡದ ಹತ್ತಾರು ಪಟ್ಟು ಒತ್ತಡದಲ್ಲಿರುವ ನೀರು, ಕವಚದ ಆಚೆ ನಿರ್ವಾತ.

ಇಲ್ಲೊಂದು ಸಣ್ಣ ಲೆಕ್ಕ ಮಾಡೋಣ. ಆ ತಾಮ್ರದ ಉಷ್ಣವಾಹಕತೆ ಮೀಟರಿಗೆ ಪ್ರತಿ ಡಿಗ್ರಿಗೆ ಸುಮಾರು 350 ವ್ಯಾಟ್. ಚದರ ಮೀಟರಿಗೆ 10 ಮೆಗಾವ್ಯಾಟ್ ಶಾಖ 1.5 ಮಿಲಿಮೀಟರ್ ದಪ್ಪದ ಗೋಡೆಯನ್ನು ದಾಟುವಾಗ ಅದರ ಎರಡು ಬದಿಗಳ ನಡುವೆ ಸುಮಾರು 43 ಡಿಗ್ರಿ ವ್ಯತ್ಯಾಸ ಬೀಳುತ್ತದೆ. ಈಗ ಒಳಗೋಡೆಗೆ 10 ಮೈಕ್ರೋಮೀಟರ್ ದಪ್ಪದ, ಎಂದರೆ ಕೂದಲಿನ ದಪ್ಪಕ್ಕಿಂತಲೂ ತೆಳುವಾದ, ತೂತುತೂತಾದ ಆಕ್ಸೈಡಿನ ಪದರ ಅಂಟಿದೆ ಎನ್ನಿ. ಅದರ ವಾಹಕತೆ 1 ಎಂದು ಹಿಡಿದರೂ ಆ ಪದರವೊಂದರಲ್ಲೇ 100 ಡಿಗ್ರಿ ವ್ಯತ್ಯಾಸ ಬೀಳುತ್ತದೆ. ಅಷ್ಟರಮಟ್ಟಿಗೆ ತಾಮ್ರ ಹೆಚ್ಚು ಬಿಸಿಯಾಗಬೇಕು, ಬಿಸಿಯಾದಂತೆ ಅದರ ಬಲ ಕುಗ್ಗುತ್ತದೆ. ನೀರುಕೊಳವೆಯ ತುಕ್ಕು ಎಂದರೆ ನಮ್ಮ ಕಣ್ಣಿಗೆ ತೂತು ಬಿದ್ದು ಸೋರುವ ಚಿತ್ರವೇ ಬರುತ್ತದೆ. ಇಲ್ಲಿ ತೂತು ಬೀಳುವ ಎಷ್ಟೋ ಮೊದಲೇ, ಕಣ್ಣಿಗೆ ಕಾಣದ ಒಂದು ಲೇಪ ಯಂತ್ರವನ್ನು ಹಾಳುಮಾಡಬಲ್ಲದು. ಸೋರಿಕೆಯಾದರಂತೂ ಕೂದಲೆಳೆಯಷ್ಟು ಬಿರುಕು ಸಾಕು, ನಿರ್ವಾತ ಕೆಡುತ್ತದೆ, ಪ್ಲಾಸ್ಮಾ ಹುಟ್ಟುವುದೇ ಇಲ್ಲ. ಬಿಸಿಯಾದ ಟಂಗ್‌ಸ್ಟನ್ ಧೂಳಿಗೆ ಹಬೆ ತಗುಲಿದರೆ ಜಲಜನಕವೂ ಬಿಡುಗಡೆಯಾಗುತ್ತದೆ.

ತಾಮ್ರದ ನಡವಳಿಕೆ ವಿಚಿತ್ರವಾದದ್ದು. ಆಮ್ಲಜನಕವೇ ಇಲ್ಲದ ಶುದ್ಧ ನೀರಿನಲ್ಲಿ ತಾಮ್ರ ಬಹುತೇಕ ಕರಗುವುದೇ ಇಲ್ಲ. ಆಮ್ಲಜನಕ ಹೇರಳವಾಗಿದ್ದರೂ ಗಟ್ಟಿಯಾದ ಕಪ್ಪು ಆಕ್ಸೈಡ್ ಪದರ ಕಟ್ಟಿಕೊಂಡು ಸುಮ್ಮನಿರುತ್ತದೆ. ಕಷ್ಟ ಇರುವುದು ನಡುವೆ. ವಿದ್ಯುತ್ ಉತ್ಪಾದನಾ ಘಟಕಗಳ ದೊಡ್ಡ ಜನರೇಟರುಗಳಲ್ಲಿ ಟೊಳ್ಳು ತಾಮ್ರದ ಸುರುಳಿಗಳೊಳಗೆ ನೀರು ಹರಿಸುತ್ತಾರೆ. ಅಲ್ಲಿನ ದೀರ್ಘ ಅನುಭವ ಕಲಿಸಿದ ಪಾಠವೆಂದರೆ, ನೀರಿನಲ್ಲಿ ಆಮ್ಲಜನಕ ಶತಕೋಟಿಗೆ 200ರಿಂದ 300 ಭಾಗದಷ್ಟಿದ್ದಾಗ ತಾಮ್ರ ಅತಿ ಹೆಚ್ಚು ಕರಗುತ್ತದೆ. ಆದ್ದರಿಂದ ಒಂದೋ ಅದನ್ನು ಶತಕೋಟಿಗೆ ಸುಮಾರು 20 ಭಾಗಕ್ಕಿಂತ ಕೆಳಗಿಡಬೇಕು, ಇಲ್ಲವೇ 2000ಕ್ಕಿಂತ ಮೇಲಿಡಬೇಕು. ಎರಡರಲ್ಲಿ ಒಂದನ್ನು ಆರಿಸಿಕೊಂಡು ಅದಕ್ಕೇ ಅಂಟಿಕೊಳ್ಳಬೇಕು. ಅತ್ತಿತ್ತ ಓಲಾಡಿದರೆ ಹಳೆಯ ಪದರ ಕಳಚಿ ತಾಮ್ರದ ಪುಡಿ ನೀರಿಗಿಳಿದು, ಇಕ್ಕಟ್ಟಾದ ಕಡೆ ಹೋಗಿ ಕಟ್ಟಿಕೊಳ್ಳುತ್ತದೆ.

ಸಮ್ಮಿಳನ ಯಂತ್ರದ ಕೆಲಸದ ರೀತಿಯೇ ಓಲಾಟದ್ದು. ಇಟರ್‌ನಲ್ಲಿ ಪ್ಲಾಸ್ಮಾ ಉರಿಯುವುದು ಒಮ್ಮೆಗೆ 400 ಸೆಕೆಂಡಿನ ಆಸುಪಾಸು, ಆಮೇಲೆ ವಿರಾಮ, ಮತ್ತೆ ಉರಿ. ಉರಿಯುವಾಗ ಪೆರಾಕ್ಸೈಡ್ ಹುಟ್ಟುತ್ತದೆ, ನಿಂತಾಗ ಒಡೆದು ಇಲ್ಲವಾಗುತ್ತದೆ. ಪ್ಲಾಸ್ಮಾವನ್ನು ಸುತ್ತುವರಿದ ಹೊದಿಕೆ ಫಲಕಗಳಿಗೆ ನೀರು 70 ಡಿಗ್ರಿಯಲ್ಲಿ, ಸುಮಾರು 4 ಮೆಗಾಪ್ಯಾಸ್ಕಲ್ ಒತ್ತಡದಲ್ಲಿ ಒಳಹೋಗುತ್ತದೆ. ಆದರೆ ಗೋಡೆಗೆ ಅಂಟಿದ ಅನಿಲಗಳನ್ನು ಬಿಡಿಸಲು ಆಗಾಗ ಇಡೀ ಒಳಮೈಯನ್ನು ಕಾಯಿಸಬೇಕಾಗುತ್ತದೆ, ಆಗ ಅದೇ ನೀರನ್ನು 240 ಡಿಗ್ರಿಗೆ ಏರಿಸಿ ಗಂಟೆಗಟ್ಟಲೆ ಹರಿಸುತ್ತಾರೆ. ದುರಸ್ತಿಗೆ ನಿಲ್ಲಿಸಿದಾಗ ನೀರು ಬಸಿದು ಕೊಳವೆಗಳನ್ನು ಒಣಗಿಸಬೇಕು, ಆಗ ಗಾಳಿ ಒಳನುಗ್ಗುತ್ತದೆ. ಅಣುವಿದ್ಯುತ್ ಸ್ಥಾವರವೊಂದು ಒಮ್ಮೆ ಹೊತ್ತಿಕೊಂಡರೆ ಒಂದೂವರೆ ವರ್ಷ ಒಂದೇ ಸ್ಥಿತಿಯಲ್ಲಿ ನಡೆಯಬಹುದು, ಅದರ ಲೋಹಗಳಿಗೆ ಪದರ ಕಟ್ಟಿಕೊಳ್ಳಲು ನೆಮ್ಮದಿಯ ಸಮಯವಿದೆ. ಇಲ್ಲಿ ಆ ನೆಮ್ಮದಿ ಇಲ್ಲ. ಯಂತ್ರ ಕೆಲಸ ಮಾಡುವ ಹೊತ್ತಿಗಿಂತ ಸುಮ್ಮನಿರುವ ಹೊತ್ತಿನ ನೀರನ್ನು ನೋಡಿಕೊಳ್ಳುವುದೇ ಮುಖ್ಯ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಮೂಲೆಯಲ್ಲಿ ಬಸಿಯದೆ ಉಳಿದ ಒಂದು ಲೋಟ ನೀರು, ಅದರ ಮೇಲೆ ಗಾಳಿ, ನಿಧಾನವಾಗಿ ಆವಿಯಾಗುತ್ತ ಸಾಂದ್ರವಾಗುವ ಕಲ್ಮಶ: ಗುಳಿಬೀಳುವ ತುಕ್ಕಿಗೆ ಇಷ್ಟು ಸಾಕು.

ಈಗ ನಿಮ್ಮ ಎರಡನೆಯ ಪ್ರಶ್ನೆಗೆ ಬರೋಣ. ಅಣುವಿದ್ಯುತ್ ಸ್ಥಾವರಗಳಿಂದ ಸಮ್ಮಿಳನ ಕ್ಷೇತ್ರ ಎರವಲು ಪಡೆಯಬಹುದಾದ ಅತ್ಯಮೂಲ್ಯ ಉಪಾಯ ಒಂದಿದೆ: ನೀರಿಗೆ ಬೇಕೆಂದೇ ಒಂದಿಷ್ಟು ಜಲಜನಕ ಕರಗಿಸುವುದು. ನೀರನ್ನು ಕುದಿಯದಂತೆ ಒತ್ತಡದಲ್ಲಿ ಹಿಡಿದಿಡುವ ‘ಒತ್ತಡದ ನೀರಿನ ರಿಯಾಕ್ಟರು’ಗಳಲ್ಲಿ ಪ್ರತಿ ಕಿಲೋಗ್ರಾಂ ನೀರಿಗೆ 25ರಿಂದ 50 ಘನ ಸೆಂಟಿಮೀಟರ್ ಜಲಜನಕ ಇಡುತ್ತಾರೆ. ಹೈಡ್ರಾಕ್ಸಿಲ್ ಚೂರು ಜಲಜನಕದ ಅಣುವನ್ನು ಸಂಧಿಸಿದರೆ ನೀರಾಗುತ್ತದೆ, ಜೊತೆಗೊಂದು ಜಲಜನಕ ಪರಮಾಣು ಬಿಡುಗಡೆಯಾಗುತ್ತದೆ. ಆ ಪರಮಾಣು ಪೆರಾಕ್ಸೈಡನ್ನು ಸಂಧಿಸಿದರೆ ಮತ್ತೆ ನೀರು, ಮತ್ತೊಂದು ಹೈಡ್ರಾಕ್ಸಿಲ್ ಚೂರು. ಅದು ಪುನಃ ಜಲಜನಕವನ್ನು ಹುಡುಕಿಕೊಂಡು ಹೋಗುತ್ತದೆ. ವಿಕಿರಣ ಒಡೆದ ನೀರನ್ನು ಈ ಸರಪಳಿ ಅಲ್ಲಲ್ಲೇ ಮರಳಿ ಹೊಲಿಯುತ್ತದೆ. ಇದು ತಾಮ್ರಕ್ಕೂ ಸ್ಟೇನ್‌ಲೆಸ್ ಸ್ಟೀಲಿಗೂ ಒಟ್ಟಿಗೇ ಒಗ್ಗುವ ಔಷಧ. ಜಲಜನಕ ಬೆರೆಸದ ಕುದಿನೀರಿನ ರಿಯಾಕ್ಟರುಗಳಲ್ಲಿ, 1970 ಮತ್ತು 80ರ ದಶಕಗಳಲ್ಲಿ, ಬೆಸುಗೆಗಳ ಪಕ್ಕದ ಸ್ಟೇನ್‌ಲೆಸ್ ಸ್ಟೀಲ್ ಕೊಳವೆಗಳು ಸಾಲುಸಾಲಾಗಿ ಬಿರುಕು ಬಿಟ್ಟ ಇತಿಹಾಸ ಕಣ್ಣ ಮುಂದಿದೆ.

ಅಲ್ಲಿಂದ ಮುಂದೆ ನಕಲು ನಡೆಯುವುದಿಲ್ಲ. ವಿದಳನ ಸ್ಥಾವರದ ನೀರಿನಲ್ಲಿ ಬೋರಿಕ್ ಆಮ್ಲ ಇರುವುದು ತುಕ್ಕಿಗಾಗಿ ಅಲ್ಲ, ಸರಪಳಿ ಕ್ರಿಯೆಯನ್ನು ಹತೋಟಿಯಲ್ಲಿಡಲು. ಸಮ್ಮಿಳನದಲ್ಲಿ ಸರಪಳಿ ಕ್ರಿಯೆಯೇ ಇಲ್ಲದ್ದರಿಂದ ಆಮ್ಲದ ಅಗತ್ಯವಿಲ್ಲ. ಇದು ದೊಡ್ಡ ಅನುಕೂಲ. ಆ ಆಮ್ಲವನ್ನು ಸರಿದೂಗಿಸಲು ಅಲ್ಲಿ ಲೀಥಿಯಂ ಹೈಡ್ರಾಕ್ಸೈಡ್ ಬೆರೆಸುತ್ತಾರೆ. ಲೀಥಿಯಂ-6 ನ್ಯೂಟ್ರಾನ್ ನುಂಗಿ ಟ್ರಿಟಿಯಂ ಆಗುತ್ತದೆ ಎಂಬ ಕಾರಣಕ್ಕೆ ಲೀಥಿಯಂ-7ನ್ನು ಬೇರ್ಪಡಿಸಿ ಬಳಸುತ್ತಾರೆ. 14 ಮೆಗಾ ಎಲೆಕ್ಟ್ರಾನ್‌ವೋಲ್ಟ್ ನ್ಯೂಟ್ರಾನಿನ ಮುಂದೆ ಈ ಜಾಣತನ ಪೂರ್ತಿ ಫಲಿಸುವುದಿಲ್ಲ, ಅದು ಲೀಥಿಯಂ-7ನ್ನೂ ಒಡೆದು ಟ್ರಿಟಿಯಂ ಹುಟ್ಟಿಸಬಲ್ಲದು. ರಷ್ಯಾ ವಿನ್ಯಾಸದ ವಿವಿಇಆರ್ ಸ್ಥಾವರಗಳಲ್ಲಿ ಬಳಕೆಯಲ್ಲಿರುವ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಸಮ್ಮಿಳನದವರ ಗಮನ ಸೆಳೆದಿರುವುದು ಇದೇ ಹಿನ್ನೆಲೆಯಲ್ಲಿ. ಅದೇ ಸ್ಥಾವರಗಳಲ್ಲಿ ಅಮೋನಿಯಾವನ್ನೂ ಬೆರೆಸುತ್ತಾರೆ, ವಿಕಿರಣದಲ್ಲಿ ಅದು ಒಡೆದು ಜಲಜನಕ ಕೊಡುತ್ತದೆ. ತಾಮ್ರವಿರುವ ಜಾಲಕ್ಕೆ ನಾನು ಅದನ್ನು ಒಪ್ಪುವುದಿಲ್ಲ. ಆಮ್ಲಜನಕ ಒಂದಿಷ್ಟು ನುಸುಳಿದರೂ ಅಮೋನಿಯಾ ತಾಮ್ರದ ಜೊತೆ ಸಂಕೀರ್ಣ ಕಟ್ಟಿಕೊಂಡು ಅದನ್ನು ಕರಗಿಸಿ ಒಯ್ಯುತ್ತದೆ. ಒತ್ತಡದ ನೀರಿನ ರಿಯಾಕ್ಟರಿನ ಮುಖ್ಯ ಜಾಲದಲ್ಲಿ ತಾಮ್ರದ ಕೊಳವೆಯೇ ಇಲ್ಲ ಎಂಬುದನ್ನು ಮರೆಯಬಾರದು. ಅಲ್ಲಿನ ಪಾಕ ಉಕ್ಕು, ನಿಕಲ್ ಮಿಶ್ರಲೋಹ, ಜಿರ್ಕೋನಿಯಂಗಳಿಗಾಗಿ, 300 ಡಿಗ್ರಿಯ ಆಸುಪಾಸಿಗೆಂದು ಬರೆದದ್ದು.

ತುಕ್ಕಿಗೆ ಇಲ್ಲಿ ಇನ್ನೊಂದು ಮುಖವಿದೆ. ನೀರಿನಲ್ಲಿ ಕರಗಿದ ಲೋಹ ಸುತ್ತುತ್ತ ನ್ಯೂಟ್ರಾನ್ ಬೀಳುವ ಜಾಗಕ್ಕೆ ಬಂದಾಗ ವಿಕಿರಣಶೀಲವಾಗುತ್ತದೆ. ಅಥವಾ ಗೋಡೆಯಲ್ಲಿದ್ದಾಗಲೇ ವಿಕಿರಣಶೀಲವಾಗಿ ಆಮೇಲೆ ಕರಗುತ್ತದೆ. ಮುಂದೆ ಹರಿದು ತಂಪಾದ ಶಾಖ ವಿನಿಮಯಕದಲ್ಲೋ ಕವಾಟದ ಸಂದಿಯಲ್ಲೋ ಕೂರುತ್ತದೆ. ಗಟ್ಟಿ ಕಾಂಕ್ರೀಟ್ ಗೋಡೆಗಳಾಚೆ ಇರಬೇಕಾದ ವಿಕಿರಣ, ದುರಸ್ತಿಗಾರರು ಕೈಯಿಟ್ಟು ಕೆಲಸ ಮಾಡುವ ಕಡೆಗೆ ನೀರಿನ ಮೇಲೇರಿ ಬಂದಂತಾಯಿತು. ಇವುಗಳಲ್ಲಿ ಎಲ್ಲರೂ ಅಂಜುವುದು ಕೋಬಾಲ್ಟ್-60ಕ್ಕೆ. ಅದರ ಅರ್ಧಾಯು 5.27 ವರ್ಷ, ಗಾಮಾ ಕಿರಣಗಳು ತೀಕ್ಷ್ಣ. ವಿದಳನ ಸ್ಥಾವರಗಳಲ್ಲಿ ಅದು ಮುಖ್ಯವಾಗಿ ಉಕ್ಕಿನಲ್ಲೂ ಕವಾಟಗಳ ಗಡಸು ಲೇಪದಲ್ಲೂ ಇರುವ ಕೋಬಾಲ್ಟಿನಿಂದ ಹುಟ್ಟುತ್ತದೆ. ಕೋಬಾಲ್ಟ್ ಇಲ್ಲದ ಲೋಹ ಆರಿಸಿದರೆ ಸಮಸ್ಯೆ ಬಹುಪಾಲು ತಗ್ಗುತ್ತದೆ. ಇಟರ್ ತನ್ನ ಉಕ್ಕಿನಲ್ಲಿ ಕೋಬಾಲ್ಟನ್ನು ಶೇ 0.05ಕ್ಕೆ ಮಿತಿಗೊಳಿಸಿರುವುದು ಇದಕ್ಕಾಗಿಯೇ. ಆದರೆ ವೇಗದ ನ್ಯೂಟ್ರಾನ್ ಬಡಿದ ತಾಮ್ರ-63 ಒಂದು ಆಲ್ಫಾ ಕಣವನ್ನು ಉಗುಳಿ ತಾನೇ ಕೋಬಾಲ್ಟ್-60 ಆಗುತ್ತದೆ. ನಿಕಲ್-60 ಸಹ ಪ್ರೋಟಾನ್ ಕಳೆದುಕೊಂಡು ಅದೇ ಆಗುತ್ತದೆ. ಎಂದರೆ ಕೋಬಾಲ್ಟನ್ನು ಎಷ್ಟೇ ಹೊರಗಿಟ್ಟರೂ, ಕರಗಿದ ಪ್ರತಿ ಗ್ರಾಂ ತಾಮ್ರದ ಹಿಂದೆ ಒಂದಿಷ್ಟು ಕೋಬಾಲ್ಟ್ ಬರುತ್ತದೆ. ಇಲ್ಲಿ ತಾಮ್ರವನ್ನು ಕರಗದಂತೆ ಕಾಯುವುದು ಕೊಳವೆಯ ಆಯಸ್ಸಿನ ಪ್ರಶ್ನೆ ಮಾತ್ರವಲ್ಲ, ಮನುಷ್ಯರ ಮೈಗೆ ತಗಲುವ ವಿಕಿರಣದ ಪ್ರಶ್ನೆ.

ಇದರೊಂದಿಗೆ ನೀರಿನ ಆಮ್ಲಜನಕವೇ ಸಾರಜನಕ-16 ಆಗುತ್ತದೆ. ಅದಕ್ಕೆ ಸುಮಾರು 10 ಮೆಗಾ ಎಲೆಕ್ಟ್ರಾನ್‌ವೋಲ್ಟ್ ಮೀರಿದ ನ್ಯೂಟ್ರಾನ್ ಬೇಕು, ಡ್ಯುಟೀರಿಯಂ-ಟ್ರಿಟಿಯಂ ಸಮ್ಮಿಳನದಲ್ಲಿ ಹೊಸದಾಗಿ ಹುಟ್ಟುವ ಪ್ರತಿಯೊಂದು ನ್ಯೂಟ್ರಾನಿಗೂ ಅಷ್ಟು ಶಕ್ತಿಯಿದೆ. ಅರ್ಧಾಯು ಏಳು ಸೆಕೆಂಡಿಗಿಂತ ತುಸು ಹೆಚ್ಚಾದ್ದರಿಂದ ನೀರನ್ನು ತೊಟ್ಟಿಯಲ್ಲಿ ಎರಡು ನಿಮಿಷ ತಡೆದರೆ ಸಾವಿರದಲ್ಲೊಂದು ಪಾಲಿಗಿಂತಲೂ ಕೆಳಗಿಳಿಯುತ್ತದೆ. ರಸಾಯನದಿಂದ ಇದಕ್ಕೆ ಪರಿಹಾರವಿಲ್ಲ, ಕಾಯುವುದೇ ಪರಿಹಾರ. ಗೋಡೆಯ ಮೂಲಕ ನೀರಿಗೆ ಜಿನುಗುವ ಟ್ರಿಟಿಯಂ ಇನ್ನೊಂದು ದೊಡ್ಡ ಅಧ್ಯಾಯ. ಈ ಉತ್ತರದಲ್ಲಿ ಅದಕ್ಕೆ ಜಾಗವಿಲ್ಲ.

ಕ್ಲೋರೈಡಿನ ಬಗ್ಗೆ ಮಾತ್ರ ಹೇಳದೆ ಮುಗಿಸಲಾರೆ. ಎಳೆತದಲ್ಲಿರುವ ಸ್ಟೇನ್‌ಲೆಸ್ ಸ್ಟೀಲಿಗೆ ಕ್ಲೋರೈಡ್ ತಗುಲಿದರೆ ಒಳಗೊಳಗೇ ಕವಲೊಡೆಯುವ ಬಿರುಕು ಹುಟ್ಟುತ್ತದೆ. ಇಟರ್‌ನ ಉಷ್ಣರಕ್ಷಕ ಫಲಕಗಳ ಕೊಳವೆಗಳಲ್ಲಿ ಸೋರಿಕೆ ಕಂಡುಬಂದಿದೆ ಎಂದು 2022ರಲ್ಲಿ ಪ್ರಕಟವಾಯಿತು. ಆ ಕೊಳವೆಗಳಲ್ಲಿ ಹರಿಯಬೇಕಾದದ್ದು ನೀರಲ್ಲ, ತಣ್ಣನೆಯ ಹೀಲಿಯಂ. ಯಂತ್ರ ಚಾಲೂ ಆಗಿಯೂ ಇರಲಿಲ್ಲ. ಕೊಳವೆಗಳನ್ನು ಬಾಗಿಸಿ ಫಲಕಕ್ಕೆ ಬೆಸೆದಾಗ ಉಳಿದ ಎಳೆತ, ಬೆಸುಗೆಯ ಬಳಿಯ ಸಣ್ಣ ಸಂದಿಗಳಲ್ಲಿ ಉಳಿದ ಕ್ಲೋರಿನ್ ಶೇಷ, ಜೊತೆಗೆ ಸಮಯ: ಈ ಮೂರು ಸೇರಿ ಬಿರುಕು ಬಿಟ್ಟವು. ಕೊಳವೆಗಳನ್ನು ಬದಲಿಸಬೇಕಾಗಿ ಬಂತು. ನೀರು ತುಂಬಿದ ಮೇಲೆ ಅದರ ಶುದ್ಧತೆಯನ್ನು ಶತಕೋಟಿಯ ಒಂದೆರಡು ಭಾಗಗಳಲ್ಲಿ ಅಳೆಯುತ್ತ ಕೂತರೆ, ಕಾರ್ಖಾನೆಯಲ್ಲೇ ಅಂಟಿದ ಕಲ್ಮಶಕ್ಕೆ ಅದರಿಂದ ಏನೂ ಆಗುವುದಿಲ್ಲ. ಉಕ್ಕಿನ ಮೇಲೆ ಗುರುತು ಹಾಕುವ ಮಾರ್ಕರ್ ಪೆನ್ನಿನ ಶಾಯಿ, ಸುತ್ತುವ ಅಂಟುಪಟ್ಟಿ, ಬೆವರಿದ ಕೈ, ಒತ್ತಡ ಪರೀಕ್ಷೆಗೆ ತುಂಬಿದ ನೀರು, ಇವೆಲ್ಲವೂ ಕ್ಲೋರೈಡಿನ ದಾರಿಗಳು. ಈ ಉದ್ಯಮದಲ್ಲಿ ಹ್ಯಾಲೋಜನ್‌ರಹಿತ ಪೆನ್ನು ಬೇಕೆಂದು ಹಟ ಹಿಡಿಯುವುದು ಅತಿಯಾದ ಮಡಿವಂತಿಕೆಯಲ್ಲ.

ಮುಂದಿನ ತಲೆಮಾರಿನ ವಿದ್ಯುತ್ ಉತ್ಪಾದಿಸುವ ಯಂತ್ರಗಳಿಗೆ ಯುರೋಪಿನಲ್ಲಿ ಯೋಚಿಸುತ್ತಿರುವ ಒಂದು ವಿನ್ಯಾಸದಲ್ಲಿ ನೀರು 295ರಿಂದ 328 ಡಿಗ್ರಿಯಲ್ಲಿ, 15.5 ಮೆಗಾಪ್ಯಾಸ್ಕಲ್ ಒತ್ತಡದಲ್ಲಿ ಹರಿಯುತ್ತದೆ. ಒತ್ತಡದ ನೀರಿನ ರಿಯಾಕ್ಟರಿನ ಸ್ಥಿತಿಯೇ ಅದು. ಅಷ್ಟರಮಟ್ಟಿಗೆ ಹಳೆಯ ಅನುಭವ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಆದರೆ ಅಲ್ಲಿನ ಉಕ್ಕು ಯೂರೋಫರ್, ದೀರ್ಘಾವಧಿ ವಿಕಿರಣಶೀಲತೆ ಉಳಿಯದಂತೆ ಮಾಲಿಬ್ಡಿನಂ, ನಯೋಬಿಯಂ ತೆಗೆದು ಟಂಗ್‌ಸ್ಟನ್, ಟ್ಯಾಂಟಲಂ ಸೇರಿಸಿ ರೂಪಿಸಿದ್ದು. ಅದರಲ್ಲಿ ಕ್ರೋಮಿಯಂ ಶೇ 9 ಮಾತ್ರ, ಸ್ಟೇನ್‌ಲೆಸ್ ಸ್ಟೀಲಿನಷ್ಟು ಗಟ್ಟಿಯಾದ ರಕ್ಷಾಪದರವನ್ನು ಅದರಿಂದ ನಿರೀಕ್ಷಿಸುವಂತಿಲ್ಲ. ಕ್ರೋಮಿಯಂ ಇಲ್ಲದ ಸಾದಾ ಉಕ್ಕನ್ನು ಹರಿಯುವ ಬಿಸಿನೀರು ಏನು ಮಾಡಬಲ್ಲದು ಎಂಬುದನ್ನು ಜಪಾನಿನ ಮಿಹಾಮಾ ಸ್ಥಾವರದ ಮೂರನೆಯ ಘಟಕ ತೋರಿಸಿದೆ. 2004ರ ಆಗಸ್ಟ್ 9ರಂದು ಅಲ್ಲಿ ವಿಕಿರಣದ ಸಂಪರ್ಕವೇ ಇಲ್ಲದ ನೀರಿನ ಕೊಳವೆ ಸಿಡಿದು ಐವರು ಸತ್ತರು. 10 ಮಿಲಿಮೀಟರ್ ದಪ್ಪದ ಗೋಡೆ ಸವೆದು ಎರಡಕ್ಕಿಂತ ಕಡಿಮೆಯಾಗಿತ್ತು. ಆ ಜಾಗವನ್ನು ವರ್ಷಗಟ್ಟಲೆ ಯಾರೂ ಅಳೆದಿರಲಿಲ್ಲ.

ಅಳತೆಯ ವಿಷಯದಲ್ಲಿ ವಿದಳನ ಸ್ಥಾವರಗಳಿಂದ ಕಲಿಯಬೇಕಾದ ಇನ್ನೊಂದು ಪಾಠ ನನಗೆ ಬಹಳ ಮುಖ್ಯವೆನಿಸುತ್ತದೆ. ನೀರಿನ ಮಾದರಿಯನ್ನು ಉದ್ದನೆಯ ಸಣ್ಣ ಕೊಳವೆಯಲ್ಲಿ ಹೊರಗೆ ತಂದು ಉಪಕರಣಕ್ಕೆ ಕೊಡುವಷ್ಟರಲ್ಲಿ ಪೆರಾಕ್ಸೈಡ್ ದಾರಿಯಲ್ಲೇ ಒಡೆದಿರುತ್ತದೆ. ಕಾಗದದ ಮೇಲೆ ಸಿಗುವುದು ಆಮ್ಲಜನಕದ ಸಂಖ್ಯೆ ಮಾತ್ರ. ಆದ್ದರಿಂದ ಕುದಿನೀರಿನ ರಿಯಾಕ್ಟರುಗಳಲ್ಲಿ ಲೋಹದ ಮೇಲ್ಮೈಯ ವಿದ್ಯುತ್-ರಾಸಾಯನಿಕ ವಿಭವವನ್ನು (ತುಕ್ಕು ಹಿಡಿಯುವ ಒಲವನ್ನು ತೋರಿಸುವ ವೋಲ್ಟೇಜನ್ನು) ಅದು ಇರುವ ಜಾಗದಲ್ಲೇ ಅಳೆಯುವ ಎಲೆಕ್ಟ್ರೋಡುಗಳನ್ನು ಅಳವಡಿಸುವುದನ್ನು ರೂಢಿಸಿಕೊಂಡರು. ಸಮ್ಮಿಳನ ಯಂತ್ರದಲ್ಲಿ ಅದಕ್ಕೆ ಜಾಗ ಹುಡುಕುವುದು ಸುಲಭವಲ್ಲ. ತಾಮ್ರದ ಕೊಳವೆಯ ಒಳವ್ಯಾಸವೇ 12 ಮಿಲಿಮೀಟರ್, ಸುತ್ತ ಬಲವಾದ ಕಾಂತಕ್ಷೇತ್ರ. ವಿನ್ಯಾಸ ಮುಗಿದ ಮೇಲೆ ರಸಾಯನಶಾಸ್ತ್ರಜ್ಞರನ್ನು ಕರೆದು ನೀರನ್ನು ನೋಡಿಕೊಳ್ಳಿ ಎಂದರೆ ಆ ಹೊತ್ತಿಗೆ ಎಲೆಕ್ಟ್ರೋಡ್ ಇಡಲು ತೂತು ಕೊರೆಯುವ ಅವಕಾಶವೂ ಇರುವುದಿಲ್ಲ. ಡೈವರ್ಟರಿನ ಹೊರಹರಿವಿನ ಕೊಳವೆಯಲ್ಲಿ, ತಡೆತೊಟ್ಟಿಗೆ ಮೊದಲು, ಅಳತೆಗೊಂದು ಸ್ಥಳವನ್ನು ನಕ್ಷೆ ಬರೆಯುವ ದಿನವೇ ಕಾದಿರಿಸಬೇಕು. ನೀರಿನಲ್ಲಿ ಕರಗಿದ ಅಯಾನುಗಳನ್ನು ಹಿಡಿದಿಡುವ ಶುದ್ಧೀಕರಣ ರಾಳಗಳು ಸುಮಾರು 60 ಡಿಗ್ರಿಗಿಂತ ಹೆಚ್ಚು ಬಿಸಿ ತಾಳುವುದಿಲ್ಲವಾದ್ದರಿಂದ, ಕಾಯಿಸುವ ಹೊತ್ತಿನಲ್ಲೂ ನೀರಿನ ಒಂದು ಪಾಲನ್ನು ತಣಿಸಿ ರಾಳದ ಮೂಲಕ ಹಾಯಿಸುವ ಪಕ್ಕದ ಹಾದಿಯನ್ನೂ ಅಂದೇ ಬರೆಯಬೇಕು.